ಜುನೀ ಮಸೀದಿಯ ಬೀದಿ

ನನ್ನ ದೊಡ್ಡಪ್ಪ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದದ್ದು ಹದಿನಾಲ್ಕರ ಪ್ರಾಯದಲ್ಲಿ. ಹಗಲಿಡೀ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದುವುದು. ಇದನ್ನು ಓದುವ ಹಲವರ ಮನೆಯಲ್ಲಿ ಇಂಥ ಒಬ್ಬ ದೊಡ್ಡಪ್ಪನೋ ಅಜ್ಜನೋ ಇದ್ದೇ ಇರುತ್ತಾರೆ. ರಜೆಯಲ್ಲಿ ಊರಿಗೆ ಬಂದರೆ ಅವರು ನಮಗೆ ಮುಂಬಯಿಯನ್ನು ಬಾಯಲ್ಲೇ ತಿರುಗಾಡಿಸುತ್ತಿದ್ದರು: ಕಾಲಾ ಘೋಡಾ, ಅದರ ಪಕ್ಕ ಡೇವಿಡ್ ಸಸೂನ್ ಲೈಬ್ರರಿ, ಆಚೆ ಕೊಲಾಬಾದಲ್ಲಿ ಸಸೂನ್ ಡಾಕ್, ದಿನಸಿಗೆ ಮಸ್ಜಿದ್ ಬಂದರ್. ಸಸೂನ್ ಅಂದರೆ ಯಾರು ಎಂದು ಒಮ್ಮೆ ಕೇಳಿದ್ದೆ. "ಯಾವನೋ ಬಿಳಿ ದೊರೆ ಇರಬೇಕು" ಎಂದಿದ್ದರು.

ಆ ಉತ್ತರ ತಪ್ಪೆಂದು ನನಗೆ ಗೊತ್ತಾಗಲು ನಲವತ್ತು ವರ್ಷ ಹಿಡಿಯಿತು. ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಮಂದಿಯ ಗುಂಪಿನಲ್ಲಿ ನಾನೂ ಸೇರಿಕೊಂಡು ಮುಂಬಯಿಯ ಯಹೂದಿ ಜಾಗಗಳ ನಡಿಗೆಗೆ ಹೋದೆ. ಭಾನುವಾರವೇ ಏಕೆಂದರೆ ಶನಿವಾರ ಅವರ ಸಬ್ಬತ್, ವಿಶ್ರಾಂತಿಯ ದಿನ. ನಮ್ಮನ್ನು ಕರೆದೊಯ್ದವರು ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಒಬ್ಬ ನಿವೃತ್ತ ಶಿಕ್ಷಕಿ. ಒಂಬತ್ತು ಗಜದ ಸೀರೆ ಉಟ್ಟಿದ್ದ ತಮ್ಮ ಅಜ್ಜಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, ಮರಾಠಿಯಲ್ಲೇ ಮಾತು ಶುರು ಮಾಡಿದರು.

ನಡಿಗೆ ಶುರುವಾದ ಕಾಲಾ ಘೋಡಾದಲ್ಲಿ ಈಗಿರುವ ಕುದುರೆಯ ಬೆನ್ನಿನ ಮೇಲೆ ಯಾರೂ ಇಲ್ಲ. 2017ರಲ್ಲಿ ನಿಲ್ಲಿಸಿದ್ದು ಅದು. ಹಳೆಯ ಕುದುರೆಯ ಮೇಲೆ ಇದ್ದವನು ಮುಂದೆ ಏಳನೇ ಎಡ್ವರ್ಡ್ ಆದ ರಾಜಕುಮಾರ. ಅವನು 1875-76ರಲ್ಲಿ ಮುಂಬಯಿಗೆ ಬಂದುಹೋದ ನೆನಪಿಗೆ ಡೇವಿಡ್ ಸಸೂನನ ಮಗ ಆಲ್ಬರ್ಟ್ ಸಸೂನ್ ಮಾಡಿಸಿಕೊಟ್ಟ ಪ್ರತಿಮೆ. 1965ರಲ್ಲಿ ಅದನ್ನು ಕಿತ್ತು ಭಾಯ್ಖಳಾದ ಪ್ರಾಣಿಸಂಗ್ರಹಾಲಯದ ಆವರಣಕ್ಕೆ ಸಾಗಿಸಿದರು. ಕುದುರೆ ಹೋಗಿ ಐವತ್ತು ವರ್ಷ ಆ ಜಾಗ ಬರಿದಾಗಿದ್ದರೂ ಜನ ಅದನ್ನು ಕಾಲಾ ಘೋಡಾ, ಅಂದರೆ ಕಪ್ಪು ಕುದುರೆ, ಎಂದೇ ಕರೆದರು.

ಅಲ್ಲಿಂದ ನಾಲ್ಕು ಹೆಜ್ಜೆಗೆ ಲೈಬ್ರರಿ. ಮಲಾಡಿನ ಹಳದಿ ಕಲ್ಲಿನ ಕಟ್ಟಡ, 1870ರದ್ದು. ಅದಕ್ಕೂ ಮೊದಲು, 1847ರಲ್ಲಿ, ಟಂಕಸಾಲೆ ಮತ್ತು ಹಡಗುಕಟ್ಟೆಯ ಯುವ ನೌಕರರು ಕಟ್ಟಿಕೊಂಡಿದ್ದ ಒಂದು ಓದುವ ಸಂಘವಿತ್ತು. ಅದಕ್ಕೆ ಸ್ವಂತ ಮನೆಯಾಗಲೆಂದು ಡೇವಿಡ್ ಸಸೂನ್ 60,000 ರೂಪಾಯಿ ಕೊಟ್ಟ. ಒಳಗೆ ಕಾಲಿಟ್ಟರೆ ಅವನದೇ ಅಮೃತಶಿಲೆಯ ಪ್ರತಿಮೆ: ತಲೆಗೆ ರುಮಾಲು, ಮೈಗೆ ಇಳಿಬಿದ್ದ ನಿಲುವಂಗಿ, ಉದ್ದ ಗಡ್ಡ. ಬಿಳಿ ದೊರೆಯ ಗತ್ತು ಎಲ್ಲಿಯೂ ಇಲ್ಲ. 1792ರಲ್ಲಿ ಬಾಗ್ದಾದಿನಲ್ಲಿ, ಅಲ್ಲಿನ ಪಾಷಾಗಳ ಖಜಾನೆ ನೋಡಿಕೊಳ್ಳುತ್ತಿದ್ದ ಮನೆತನದಲ್ಲಿ ಹುಟ್ಟಿದವನು. ದಾವೂದ್ ಪಾಷಾನ ಕಾಟಕ್ಕೆ ಊರು ಬಿಟ್ಟು, ಇರಾನಿನ ಬುಶೆಹರ್ ಬಂದರಿನ ಮೂಲಕ 1832ರ ಸುಮಾರಿಗೆ ಸಂಸಾರ ಸಮೇತ ಮುಂಬಯಿ ತಲುಪಿದ. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಇಂಗ್ಲಿಷ್ ಬಾರದ ಅವನು ಕಾಗದಕ್ಕೆ ಸಹಿ ಹಾಕಿದ್ದು ಹೀಬ್ರೂ ಅಕ್ಷರದಲ್ಲಿ.

ಅವನ ಹಣ ಬಂದದ್ದು ಎಲ್ಲಿಂದ? ಹತ್ತಿ, ಬಟ್ಟೆ, ಜೊತೆಗೆ ಅಫೀಮು. ಮಾಳ್ವದ ರೈತರು ಬೆಳೆದ ಅಫೀಮು ಮುಂಬಯಿಯಿಂದ ಚೀನಾಕ್ಕೆ ಹೋಗುತ್ತಿತ್ತು. ಎಂಟು ಗಂಡುಮಕ್ಕಳು ಊರೂರಲ್ಲಿ ಕೂತು ಅಪ್ಪನ ವ್ಯಾಪಾರ ಬೆಳೆಸಿದರು. ನಮ್ಮ ಮಾರ್ಗದರ್ಶಕಿ ಈ ಮಾತನ್ನು ಮುಚ್ಚಿಡಲಿಲ್ಲ, ಆದರೆ ದನಿ ತುಸು ಇಳಿಸಿ ಹೇಳಿದರು. ಆ ಕಾಲದಲ್ಲಿ ಪಾರ್ಸಿಗಳು, ಗುಜರಾತಿಗಳು, ಬ್ರಿಟಿಷರು ಯಾರೂ ಈ ವ್ಯಾಪಾರದಿಂದ ಹೊರಗಿರಲಿಲ್ಲ ಎಂಬುದು ನಿಜ. ಮುಂಬಯಿಯ ದಾನಶೂರರ ಪಟ್ಟಿ ಹಿಡಿದು ಹೊರಟರೆ ಅರ್ಧ ದಾರಿಯಲ್ಲಿ ಅಫೀಮಿನ ವಾಸನೆ ಬರುತ್ತದೆ. ಹಾಗಂತ ಲೈಬ್ರರಿಯ ವರಾಂಡದ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ ಮುದುಕನಿಗೆ ಈ ಲೆಕ್ಕ ಕೊಡುವ ಧೈರ್ಯ ನನಗಿರಲಿಲ್ಲ. ಹಿಂದಿನ ತೋಟದಲ್ಲಿ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದರು.

ಕೆನೆಸೆತ್ ಎಲಿಯಾಹೂ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅಲ್ಲೇ ಹಿಂದಿನ ಬೀದಿಯಲ್ಲಿದೆ. 1884ರಲ್ಲಿ ಡೇವಿಡ್‌ನ ಮೊಮ್ಮಗ ಜೇಕಬ್ ಸಸೂನ್ ತನ್ನ ತಂದೆ ಎಲಿಯಾಸನ ನೆನಪಿಗೆ ಕಟ್ಟಿಸಿದ್ದು. ಬಾಗಿಲಲ್ಲಿ ಬಂದೂಕಿನ ಪೊಲೀಸರು; ಗುರುತಿನ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ. ನಮ್ಮ ಗುಂಪಿನ ಒಬ್ಬರು ಆಧಾರ್ ಮನೆಯಲ್ಲೇ ಮರೆತು ಬಂದು ಹೊರಗೇ ಚಹಾ ಕುಡಿಯುತ್ತ ನಿಂತರು. 2008ರ ನವೆಂಬರಿನಲ್ಲಿ ಕೊಲಾಬಾದ ನರಿಮನ್ ಹೌಸಿನಲ್ಲಿ ಯಹೂದಿ ಧರ್ಮಗುರು ರಬ್ಬಿ ದಂಪತಿ ಸೇರಿ ಆರು ಜನರನ್ನು ಭಯೋತ್ಪಾದಕರು ಕೊಂದಮೇಲೆ ಈ ಕಾವಲು ಹೆಚ್ಚಾಗಿದೆ. ಪ್ರಾರ್ಥನೆಯ ಸಭಾಂಗಣ ಇರುವುದು ಮೇಲಿನ ಅಂತಸ್ತಿನಲ್ಲಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಪುಟ್ಟ ಟೋಪಿಗಳನ್ನು ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ಬಣ್ಣದ ಗಾಜಿನ ಕಿಟಕಿ, ನಡುವೆ ಯಹೂದಿ ಧರ್ಮಗ್ರಂಥ ತೋರಾ ಓದುವ ವೇದಿಕೆ, ಕಂಬಗಳ ಮೇಲೆ ಹೆಂಗಸರು ಕೂರುವ ಮೊಗಸಾಲೆ. ತೋರಾ ಸುರುಳಿಗಳನ್ನಿಟ್ಟ ಬೀರು ಪಶ್ಚಿಮಕ್ಕಿದೆ, ಜೆರುಸಲೇಮ್ ಇರುವುದು ಆ ದಿಕ್ಕಿನಲ್ಲಿ. 2019ರ ದುರಸ್ತಿಯಲ್ಲಿ ಹೊರಗೋಡೆಯ ಹಳೇ ತಿಳಿನೀಲಿ ಹೋಗಿ ನೀಲಿ-ಬಿಳಿ ಬಂದಿದೆ. ಚೆಂದವೇ ಇದೆ, ಆದರೂ ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದ ಆ ಇಡೀ ನೀಲಿ ನನಗೆ ಹೆಚ್ಚು ಇಷ್ಟವಾಗಿತ್ತು.

ಇಷ್ಟಾದಮೇಲೆ ಮಾರ್ಗದರ್ಶಕಿ ಮೆಟ್ಟಿಲ ಮೇಲೆ ಕೂತು, "ಇಲ್ಲಿವರೆಗೆ ನೋಡಿದ್ದು ಬಾಗ್ದಾದಿಗಳ ಕಥೆ. ನಾವು ಬೇರೆ" ಎಂದರು. ಮುಂಬಯಿಯ ಯಹೂದಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬಾಗ್ದಾದಿಗಳು ಹಣವಂತರು, ಅರಬ್ಬಿ ಆಡುತ್ತ ಬಂದು ಇಂಗ್ಲಿಷಿಗೆ ಹೊರಳಿದವರು, ಸಂಖ್ಯೆಯಲ್ಲಿ ಕಡಿಮೆ. ಬೆನೆ ಇಸ್ರೇಲರು ಕೊಂಕಣದವರು, ಮರಾಠಿಯವರು, ಸಂಖ್ಯೆಯಲ್ಲಿ ಹೆಚ್ಚು. ಕಟ್ಟಡಗಳನ್ನು ತೋರಿಸುವ ಯಾವ ನಡಿಗೆಯೂ ಸಹಜವಾಗಿ ಸಸೂನರ ಹಿಂದೆ ಹೋಗುತ್ತದೆ, ಕಲ್ಲು ಹಾಕಿಸುವ ಶಕ್ತಿ ಇದ್ದವರು ಅವರೇ. ಬೆನೆ ಇಸ್ರೇಲರದನ್ನು ನೋಡಬೇಕಾದರೆ ಹೆಸರು ಕೇಳಬೇಕು, ಊಟಕ್ಕೆ ಕೂರಬೇಕು.

ಹೆಸರೆಂದರೆ ದಿವೇಕರ್, ಪೇಣ್‌ಕರ್, ನವಗಾಂವ್‌ಕರ್, ಕೇಹಿಮ್‌ಕರ್. ಎಲ್ಲವೂ ರಾಯಗಢ ಜಿಲ್ಲೆಯ ಊರುಗಳಿಂದ ಬಂದವು. ಅಲಿಬಾಗಿನ ಹತ್ತಿರದ ನವಗಾಂವ್ ಕರಾವಳಿಯಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು, ಆ ಹದಿನಾಲ್ಕು ಜನರ ಸಂತಾನ ನಾವು ಎಂದು ಅವರ ಐತಿಹ್ಯ. ಪುಸ್ತಕ, ಭಾಷೆ ಎಲ್ಲ ನೀರುಪಾಲಾದವು. ಉಳಿದದ್ದು ಶನಿವಾರ, ಸುನ್ನತಿ, 'ಶೆಮಾ ಇಸ್ರೇಲ್' ಎಂಬ ಒಂದು ಪ್ರಾರ್ಥನೆ, ಆಹಾರದ ಕೆಲವು ಕಟ್ಟಳೆ. ಎಣ್ಣೆ ಗಾಣ ಅವರ ಕಸುಬಾಯಿತು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು 'ಶನಿವಾರ ತೇಲಿ' ಎಂದರು, ಅಂದರೆ ಶನಿವಾರದ ಗಾಣಿಗರು. ಸೋಮವಾರ ಗಾಣ ಕಟ್ಟದ ಹಿಂದೂ ಗಾಣಿಗರು 'ಸೋಮವಾರ ತೇಲಿ'ಗಳು. ಒಂದೇ ಹಳ್ಳಿಯಲ್ಲಿ ಇಬ್ಬರೂ ಇದ್ದರೆ ಎಣ್ಣೆಗೆ ಯಾವತ್ತೂ ತತ್ವಾರವಿಲ್ಲ!

ಇವರು ಯಹೂದಿಗಳೆಂದು ಹೊರಗಿನವರಿಗೆ ಗೊತ್ತಾದದ್ದು ಮೀನಿನಿಂದ ಎಂಬ ಕಥೆಯನ್ನು ನಾವು ಕರಾವಳಿಯವರು ಮೆಚ್ಚಲೇಬೇಕು. ಡೇವಿಡ್ ರಹಾಬಿ ಎಂಬ ಯಹೂದಿ ಪಂಡಿತ ಹಳ್ಳಿಗೆ ಬಂದು, ಹೆಂಗಸರಿಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಿ ಎಂದನಂತೆ. ಅವರು ರೆಕ್ಕೆ, ಪೊರೆ ಇರುವ ಮೀನನ್ನಷ್ಟೇ ಆರಿಸಿ ಉಳಿದದ್ದನ್ನು ಬದಿಗಿಟ್ಟರು. ಯಹೂದಿ ಧರ್ಮಶಾಸ್ತ್ರ ಹೇಳುವುದೂ ಅದನ್ನೇ. ಮಾಂಸ ಮತ್ತು ಹಾಲನ್ನು ಬೆರೆಸಬಾರದೆಂಬ ಇನ್ನೊಂದು ಕಟ್ಟಳೆಗೆ ಕೊಂಕಣ ಕೊಟ್ಟ ಉತ್ತರ ತೆಂಗಿನಹಾಲು. ಹರಕೆಗೆ, ಶುಭಕಾರ್ಯಕ್ಕೆ ಪ್ರವಾದಿ ಎಲಿಯಾನ ಹೆಸರಿನಲ್ಲಿ 'ಮಲೀದಾ' ಮಾಡುತ್ತಾರೆ: ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು. ಮಾರ್ಗದರ್ಶಕಿ ಡಬ್ಬಿಯಲ್ಲಿ ಸ್ವಲ್ಪ ತಂದಿದ್ದರು. ನನ್ನ ಬಾಯಿಗೆ ಅದು ನೇರ ನಮ್ಮ ಮನೆಯ ಪಂಚಕಜ್ಜಾಯದ ಅವಲಕ್ಕಿ.

ನಡಿಗೆ ಎಂದರೂ ಮಧ್ಯೆ ಲೋಕಲ್ ಹತ್ತಲೇಬೇಕು. ಸಿಎಸ್‌ಎಂಟಿಗೆ ಹೋಗುವಾಗ ಎಡಕ್ಕೆ ಕಾಮಾ ಆಸ್ಪತ್ರೆ ಸಿಕ್ಕಿತು. ಅಲ್ಲಿ ನಿಂತು ಮಾರ್ಗದರ್ಶಕಿ ಹೇಳಿದ ಹೆಸರು ಜೆರೂಶಾ ಝಿರಾಡ್. ಬೆನೆ ಇಸ್ರೇಲ್ ಮನೆತನದ ಈ ಡಾಕ್ಟರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ! ಲಂಡನ್ನಿನಲ್ಲಿ ಪ್ರಸೂತಿ ವೈದ್ಯದಲ್ಲಿ ಎಂ.ಡಿ. ಮಾಡಿ ಬಂದು, ಮುಂದೆ ಕಾಮಾ ಆಸ್ಪತ್ರೆಯ ಹೊಣೆಯನ್ನು ಸುಮಾರು ಎರಡು ದಶಕ ಹೊತ್ತವರು. 1966ರಲ್ಲಿ ಪದ್ಮಶ್ರೀ ಬಂತು. ಮುಂಬಯಿ ಕನ್ನಡಿಗರಾದ ನಾವು ಹುಡುಕಿ ಹುಡುಕಿ ಕನ್ನಡ ನಾಡಿನ ಸಾಧಕರ ಪಟ್ಟಿ ಮಾಡುತ್ತೇವೆ, ಎಷ್ಟೋ ಸ್ಮರಣ ಸಂಚಿಕೆ ತಿರುವಿ ಹಾಕಿದ್ದೇನೆ, ಈ ಹೆಸರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಭಾಯ್ಖಳಾದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1864ರ ಮಾಗೆನ್ ಡೇವಿಡ್ ಸಿನಗಾಗ್ ಡೇವಿಡ್ ಸಸೂನ್ ಕಟ್ಟಿಸಿದ್ದು. ಪಕ್ಕದಲ್ಲೇ ಅವನ ವಂಶದವರ ಹೆಸರಿನ ಶಾಲೆ. ಒಮ್ಮೆ ಯಹೂದಿ ಮಕ್ಕಳಿಗೆಂದೇ ಇದ್ದ ಶಾಲೆಯಲ್ಲಿ ಈಗ ಓದುವವರು ಬಹುಪಾಲು ಮುಸ್ಲಿಂ ಮಕ್ಕಳು. ಸಸೂನನ ಬಂಗಲೆ ಈಗ ಮಸೀನಾ ಆಸ್ಪತ್ರೆ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಒಳಗೆ ಪ್ರಿನ್ಸ್ ಆಲ್ಬರ್ಟನ ಪ್ರತಿಮೆ ಇದೆ, ಅದು ಅಪ್ಪ ಡೇವಿಡ್ ಕೊಟ್ಟದ್ದು. ಫೋರ್ಟಿನಿಂದ ಓಡಿಸಿಕೊಂಡು ಬಂದ ಕಪ್ಪು ಕುದುರೆ, ಮಗ ಕೊಟ್ಟದ್ದು, ಅಲ್ಲೇ ಹೊರಗೆ ನಿಂತಿದೆ.

ಕೊನೆಗೆ ಬಂದದ್ದು ಮಸ್ಜಿದ್ ಸ್ಟೇಷನ್ನಿಗೆ. ನನ್ನನ್ನು ಕೇಳಿದರೆ ನಡಿಗೆ ಇಲ್ಲಿಂದಲೇ ಶುರುವಾಗಬೇಕಿತ್ತು. ಚೀಲ ಹೊತ್ತವರು, ಕೈಗಾಡಿ ತಳ್ಳುವವರು, ಒಬ್ಬರ ಮೈಗೊಬ್ಬರು ತಾಗದೆ ಹೆಜ್ಜೆ ಇಡಲಾಗದ ಸ್ಯಾಮ್ಯುಯೆಲ್ ಸ್ಟ್ರೀಟ್. ಆ ಸ್ಯಾಮ್ಯುಯೆಲ್ ಎಂದರೆ ಸಾಮಾಜಿ ಹಸಾಜಿ ದಿವೇಕರ್, ಕಂಪನಿ ಸರಕಾರದ ಸೈನ್ಯದಲ್ಲಿದ್ದ ಬೆನೆ ಇಸ್ರೇಲ್ ಅಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಅವನೂ ಅವನ ಸಹೋದರನೂ ಟಿಪ್ಪುವಿನ ಕೈಗೆ ಸೆರೆ ಸಿಕ್ಕರು. ಸಮುದಾಯದಲ್ಲಿ ಉಳಿದು ಬಂದ ಕಥೆಯ ಪ್ರಕಾರ ಕೈದಿಗಳ ಕುಲ ವಿಚಾರಿಸುವಾಗ ಇವರು 'ಬನಿ ಇಸ್ರಾಯಿಲ್' ಎಂದರು. ಕುರಾನಿನಲ್ಲಿ ಕೇಳಿದ್ದ ಆ ಜನ ಕಣ್ಣೆದುರೇ ನಿಂತಿರುವುದನ್ನು ಕಂಡು ಟಿಪ್ಪುವಿನ ತಾಯಿ ಜೀವ ಉಳಿಸಲು ಹೇಳಿದಳು. ಬದುಕಿ ಮರಳಿದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ಸಾಮಾಜಿ ಹರಕೆ ಹೊತ್ತಿದ್ದ. 1796ರಲ್ಲಿ ಹರಕೆ ತೀರಿಸಿದ. ಮುಂಬಯಿಯ ಮೊದಲ ಸಿನಗಾಗ್ ಅದು: ಶಾರ್ ಹರಹಮೀಮ್, ಕರುಣೆಯ ಬಾಗಿಲು. ತೋರಾ ಸುರುಳಿ ತರಲೆಂದು ಕೊಚ್ಚಿಗೆ ಹೋದವನು ಅಲ್ಲೇ ತೀರಿಕೊಂಡನೆನ್ನುತ್ತಾರೆ. 1860ರಲ್ಲಿ ಸಿನಗಾಗ್ ಈಗಿನ ಜಾಗಕ್ಕೆ ಬಂತು.

ಊರವರ ಬಾಯಲ್ಲಿ ಸಿನಗಾಗ್ ಎಂಬ ಪದ ನಿಲ್ಲಲಿಲ್ಲ. ಅದು 'ಜುನೀ ಮಸ್ಜಿದ್', ಹಳೇ ಮಸೀದಿ. ಸ್ಟೇಷನ್ನಿಗೆ ಮಸ್ಜಿದ್ ಎಂಬ ಹೆಸರು ಬಂದದ್ದು ಇದರಿಂದಲೇ ಎಂದು ಬೆನೆ ಇಸ್ರೇಲರು ಹೇಳುತ್ತಾರೆ.

ಒಳಗೆ ಸಂತೆಯ ಸದ್ದು ಅರ್ಧಕ್ಕೆ ಇಳಿಯುತ್ತದೆ. ಮರದ ಬೆಂಚುಗಳು, ಗಾಜಿನ ತೂಗುದೀಪಗಳು, ಪ್ರವಾದಿ ಎಲಿಯಾನಿಗೆಂದು ಯಾರೂ ಕೂರದೆ ಕಾದಿಟ್ಟ ಒಂದು ಕುರ್ಚಿ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕು. ಹತ್ತನೆಯವನಿಗಾಗಿ ಫೋನ್ ಮಾಡುತ್ತ ಕೂರುವುದೂ ಉಂಟಂತೆ. ಸ್ವಾತಂತ್ರ್ಯದ ಹೊತ್ತಿಗೆ ಸುಮಾರು 20,000 ಇದ್ದ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು 1948ರ ನಂತರ ಇಸ್ರೇಲಿಗೆ ಹೋದರು. ಇಲ್ಲಿ ಯಾರೂ ಓಡಿಸಿದ್ದಲ್ಲ. ಅಲ್ಲಿಗೆ ಹೋದಮೇಲೆ ಇವರು ನಿಜವಾದ ಯಹೂದಿಗಳೋ ಎಂಬ ಅನುಮಾನವನ್ನು ಅಲ್ಲಿನ ಧರ್ಮಾಧಿಕಾರಿಗಳೇ ಎತ್ತಿದರು. ಪ್ರತಿಭಟಿಸಿ, 1964ರಲ್ಲಿ ಅದನ್ನು ಕಿತ್ತುಹಾಕಿಸಬೇಕಾಯಿತು. ಮೀನು ಆರಿಸಿಟ್ಟ ಅಜ್ಜಿಯರ ಮೊಮ್ಮಕ್ಕಳಿಗೆ ಮತ್ತೊಂದು ಪರೀಕ್ಷೆ.

ಹೊರಗೆ ಬಂದಾಗ ಒಂದು ಹಳೆಯ ದಿನಸಿ ಅಂಗಡಿಯ ಮುಂದೆ ಉದ್ದಿನಬೇಳೆಯ ಚೀಲ ಇಳಿಸುತ್ತಿದ್ದರು. ದೊಡ್ಡಪ್ಪ ಹೋಟೆಲಿನಲ್ಲಿ ಬಡ್ತಿ ಪಡೆದು ಸಾಮಾನು ತರುವ ಕೆಲಸಕ್ಕೆ ಬಂದಮೇಲೆ ಇಪ್ಪತ್ತು ವರ್ಷ ವಾರಕ್ಕೆ ಎರಡು ಸಲ ಈ ಬೀದಿಗೆ ಬರುತ್ತಿದ್ದರು. ಇಡ್ಲಿ ಅಕ್ಕಿ, ಉದ್ದು, ಒಣಮೆಣಸು. ಯಾವ ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಾನೆ, ಯಾರು ಸಾಲ ಕೊಡುತ್ತಾರೆ ಎಲ್ಲ ಹೇಳಿದ್ದರು. "ಆ ಅಂಗಡಿ ಶನಿವಾರ ಬಾಗಿಲು ತೆಗೆಯುವುದಿಲ್ಲ ಮಾರಾಯ, ಶುಕ್ರವಾರವೇ ಹೋಗಬೇಕು" ಎಂದು ಒಬ್ಬನ ಬಗ್ಗೆ ಮಾತ್ರ ಪ್ರತಿ ಸಲ ಗೊಣಗುತ್ತಿದ್ದರು.