ದರಿಯಾ ದೌಲತ್ ಗೋಡೆಯ ಮೇಲಿಲ್ಲದವರು



ರೋಮ್ ನಗರದ ಸಂತ ಆಂಜೆಲೊ ಸೌಧವು ಹೇಡ್ರಿಯನ್ ಚಕ್ರವರ್ತಿಯ ಸಮಾಧಿಯಾಗಿ ಎದ್ದು, ಮುಂದೆ ಕೋಟೆಯೂ ಸೆರೆಮನೆಯೂ ಆಯಿತು. 1527ರಲ್ಲಿ ಜಗದ್ಗುರು ಏಳನೆಯ ಕ್ಲೆಮೆಂಟರಿಗೆ ಆಶ್ರಯ ನೀಡಿತು. ಇಂದು ಅದು ವಸ್ತುಸಂಗ್ರಹಾಲಯ. ಹೀಗೆ ಒಡೆಯರನ್ನು ಬದಲಿಸುತ್ತಾ ಬಂದ ಕಟ್ಟಡವೊಂದು ನಮ್ಮ ಶ್ರೀರಂಗಪಟ್ಟಣದಲ್ಲೂ ಇದೆ. ಅದೇ ದರಿಯಾ ದೌಲತ್.

ಕೋಟೆಯ ಹೊರಗೆ, ಕಾವೇರಿಯ ದಡದ ತೋಟದಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆಯಿದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಮೈಸೂರಿನ ಸೇನೆ ಸುತ್ತುವರಿದಿದೆ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ಸೆರೆಸಿಕ್ಕ ಆತ 1782ರಲ್ಲಿ ಇದೇ ಪಟ್ಟಣದಲ್ಲಿ ಸತ್ತನು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಮಡಿದನು. ಆಗ ಇಂಗ್ಲಿಷರ ಸೋಲನ್ನು ಚಿತ್ರಿಸಿದ ಇದೇ ಅರಮನೆಯಲ್ಲಿ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ವಾಸಮಾಡಿದನು. ಮಾಸಿಹೋದ ಚಿತ್ರಗಳನ್ನು ಮುಂದೆ ಮತ್ತೆ ಬರೆಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ಈಗ ಇದು ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ.

ಆದರೆ ಆ ಗೋಡೆಯ ಮೇಲೆ ಕಾಣದ ಜನರೂ ಇದ್ದಾರೆ. ಅರಮನೆ ಎದ್ದ ಅದೇ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ, ಕರಾವಳಿಯ ಸಾವಿರಾರು ಕಥೋಲಿಕರನ್ನು ಹಿಡಿದು, ಘಟ್ಟ ಹತ್ತಿಸಿ, ಇಲ್ಲಿಗೆ ನಡೆಸಿಕೊಂಡು ಬಂದರು. ಹಾದಿಯಲ್ಲೂ ಸೆರೆಯಲ್ಲೂ ಅನೇಕರು ತೀರಿಕೊಂಡರು. ಅನೇಕರು ಬಲವಂತಕ್ಕೆ ಮಣಿದು ಮತ ಬದಲಿಸಿದರು. ಉಳಿದುಕೊಂಡವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ.

ಚದುರಿದ ಈ ಮಂದೆಯನ್ನು ಒಗ್ಗೂಡಿಸಲು ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದುಬೋಯಿ. ಸೋತು ಮಣಿದವರನ್ನು ಅವರು ಹೊರಗೆ ನಿಲ್ಲಿಸಲಿಲ್ಲ, ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸಿಕೊಂಡರು. ಜನರಿಗೆ ಸಿಡುಬಿನ ಲಸಿಕೆ ಹಾಕಿಸಲೂ ಶ್ರಮಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರ ಹೆಸರನ್ನು ಗಂಜಾಂನ ಪುಟ್ಟ ದೇವಾಲಯ ಇಂದಿಗೂ ನೆನಪಿಸುತ್ತದೆ. ದರಿಯಾ ದೌಲತ್‌ನಿಂದ ಅದು ದೂರವೇನಲ್ಲ, ಅದೇ ದ್ವೀಪದಲ್ಲಿದೆ.

ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವಾಗ ನಾವು ಅರಮನೆಯನ್ನು ತೋರಿಸಿ ಹಿಂತಿರುಗುತ್ತೇವೆ. ಗಂಜಾಂ ದೇವಾಲಯಕ್ಕೂ ಒಮ್ಮೆ ಹೋಗೋಣ. ಆ ಸೆರೆಯಾಳುಗಳ ಕಥೆಯನ್ನು ಮಕ್ಕಳಿಗೆ ಹೇಳೋಣ. ಯಾರ ಮೇಲೂ ಹಗೆ ಬಿತ್ತುವುದಕ್ಕಲ್ಲ. ಇನ್ನೂರು ವರ್ಷಗಳ ಹಿಂದಿನ ದೊರೆಯ ಕೃತ್ಯಕ್ಕೆ ಇಂದಿನ ನೆರೆಹೊರೆಯವರು ಹೊಣೆಯಲ್ಲ. ಬಿದ್ದವರನ್ನು ಎತ್ತಿಕೊಂಡ ಗುರುವೊಬ್ಬರು ನಮ್ಮ ನಡುವೆ ಬಾಳಿದರೆಂದು ಅವರು ತಿಳಿಯಲಿ. ಬಳಿಕ ಸೆರೆಯಾಳುಗಳಿಗಾಗಿ, ಬೈಲಿಗಾಗಿ, ಕೋಟೆಯ ಬಾಗಿಲಲ್ಲಿ ಮಡಿದ ಮೈಸೂರಿನ ಸೈನಿಕರಿಗಾಗಿ, ಎಲ್ಲರಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸೋಣ.