ಡಾಪ್ಲರ್ ಅನ್ನೂದು ಒಬ್ಬ ಮಾಸ್ತರನ ಹೆಸರು

ಬಸರಿ ಹೆಂಗಸರ ಫೈಲಿನ್ಯಾಗ ಈಗ ಭಾಳ ಸಲ 'ಡಾಪ್ಲರ್' ಅಂತ ಬರದ ಕಾಗದ ಇರತದ. ಮಶೀನ್ ಕಂಪನಿ ಹೆಸರು ಅಂತ ತಿಳಕೊಂಡೋರು ನಮ್ಮ ಓಣಿಯಾಗ ಭಾಳ ಮಂದಿ. ಅದು ಒಬ್ಬ ಗಣಿತ ಮಾಸ್ತರನ ಹೆಸರು ನೋಡ್ರಿ. ಕ್ರಿಶ್ಚಿಯನ್ ಡಾಪ್ಲರ್, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಊರಾಗ ಕಲ್ಲು ಕೆಲಸದವರ ಮನ್ಯಾಗ 1803ರಲ್ಲಿ ಹುಟ್ಟಿದಾವ. 1842ರಾಗ ಪ್ರಾಗ್ ನಗರದಾಗ ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಒಂದು ಪ್ರಬಂಧ ಓದಿದ. ಹತ್ರ ಬರೋ ವಸ್ತುವಿನ ಅಲೆಗಳು ಒತ್ತಾಗತಾವ, ದೂರ ಹೋಗೋ ವಸ್ತುವಿನವು ಸಡಲ ಆಗತಾವ ಅನ್ನೂದು ಅವನ ವಾದ. ನಕ್ಷತ್ರದ ಬಣ್ಣದ ಮಾತು ಸರಿ ಹೊಂದಲಿಲ್ಲ. ಅಲೆಯ ಲೆಕ್ಕ ಮಾತ್ರ ನಿಂತು ಉಳೀತು.

ಇದನ್ನ ಪರೀಕ್ಷೆ ಮಾಡಿದ ರೀತಿ ನನಗ ಭಾಳ ಸೇರತದ. 1845ರಾಗ ಹಾಲೆಂಡಿನ ಬೈಸ್ ಬಲ್ಲೊಟ್ ಅನ್ನೋ ವಿಜ್ಞಾನಿ ರೈಲಿನ ಮ್ಯಾಲ ತುತ್ತೂರಿ ಊದೋರನ್ನ ಕೂಡಿಸಿ, ಹಳಿ ಬಾಜೂಕ ಸ್ವರಜ್ಞಾನ ಇದ್ದೋರನ್ನ ನಿಲ್ಲಿಸಿದ. ಗಾಡಿ ಬರೋವಾಗ ಸ್ವರ ಏರಿತು, ದಾಟಿದ ಮ್ಯಾಲ ಇಳೀತು. ರೈಲ್ವೆ ಗೇಟಿನ್ಯಾಗ ನಿಂತ ಯಾರಿಗರೆ ಇದು ಗೊತ್ತಿದ್ದದ್ದೇ. ಡಾಪ್ಲರ್ 1853ರಾಗ, 49ನೇ ವಯಸ್ಸಿಗೆ, ವೆನಿಸ್‌ನ್ಯಾಗ ತೀರಿಕೊಂಡ.

ಈ ಲೆಕ್ಕ ಮನಶ್ಯಾರ ಮೈಯೊಳಗ ಬರಲಿಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡೀತು. 1950ರ ದಶಕದಾಗ ಜಪಾನಿನ ಒಸಾಕಾದ ಶಿಗಿಯೊ ಸತೊಮುರಾ, ಕಿವಿಗೆ ಕೇಳಿಸಲಾರದ ಧ್ವನಿಯನ್ನ ಎದಿಯೊಳಗ ಬಿಟ್ಟು, ಹೊಳ್ಳಿ ಬಂದದ್ದರಿಂದ ಹೃದಯದ ಚಲನೆ ಹಿಡದ. ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೊದಾಗ ಇಯಾನ್ ಡೊನಾಲ್ಡ್ ಅನ್ನೋ ಹೆರಿಗೆ ಡಾಕ್ಟರು, ಬಾಯ್ಲರ್ ಕಾರ್ಖಾನಿಯಾಗ ಲೋಹದ ಬಿರುಕು ಹುಡುಕೋ ಯಂತ್ರಕ್ಕ ಆಪರೇಶನ್ ಮಾಡಿ ತಗದ ಗಡ್ಡಿಗಳನ್ನ ಹಚ್ಚಿ ನೋಡಿದ್ರು. 1958ರಾಗ ಅವರ ಲೇಖನ ಪ್ರಕಟ ಆತು, ಹೊಟ್ಟಿ ಸ್ಕ್ಯಾನಿಂಗ್ ಬೆಳೀತು. (ಅದೇ ಯಂತ್ರದಿಂದ ನಮ್ಮ ದೇಶದಾಗ ಹೆಣ್ಣುಕೂಸು ಹುಡುಕಿ ತಗಸೋರು ಹುಟ್ಟಿಕೊಂಡ್ರು, 1994ರಾಗ ಕಾಯ್ದೇನೇ ತರಬೇಕಾತು. ಆ ಸಂಕಟದ ಕಥಿ ಬ್ಯಾರೆ ದಿನ ಬರೀತೀನಿ.)

ಆದ್ರ ಚಿತ್ರದಾಗ ಕೂಸಿನ ಆಕಾರ ಕಾಣತದ, ಅದಕ್ಕ ರಕ್ತ ಎಷ್ಟು ಮುಟ್ಟತದ ಅನ್ನೂದು ಕಾಣೂದಿಲ್ಲ. 1977ರಾಗ ಐರ್ಲೆಂಡಿನ ಡಬ್ಲಿನ್‌ನ್ಯಾಗ ಫಿಟ್ಜೆರಾಲ್ಡ್ ಮತ್ತ ಡ್ರಮ್ ಅನ್ನೋರು ಸೂಜಿ ಚುಚ್ಚಲಾರದ, ಹೊರಗಿಂದನ ಹೊಕ್ಕಳಬಳ್ಳಿಯ ರಕ್ತದ ಹರಿವು ಡಾಪ್ಲರ್‌ನಿಂದ ಹಿಡದು ತೋರಿಸಿದ್ರು. 1983ರಾಗ ಲಂಡನ್ನಿನ ಸ್ಟುವರ್ಟ್ ಕ್ಯಾಂಪ್ಬೆಲ್ ಮತ್ತವರ ಜೊತಿಯವರು ತಾಯಿ ಗರ್ಭಕೋಶದ ಕಡೆ ರಕ್ತನಾಳ ನೋಡಿದ್ರು.

ಕೂಸಿನ ಎದಿ ಬಡದಾಗೊಮ್ಮೆ ರಕ್ತ ಬಳ್ಳಿಯೊಳಗ ಮಾಸಿನ ಕಡೆ ನುಗ್ಗತದ, ಪರದೆ ಮ್ಯಾಲ ಗುಡ್ಡದಂಗ ಏರತದ. ಎರಡು ಗುಡ್ಡದ ನಡುವ ಸುದ್ಧಾ ಹರಿವು ಇರಬೇಕು. ಮಾಸಿನ ಸಣ್ಣ ನಾಳಗಳು ಕೆಟ್ಟ್ರ ಆ ನಡುವಿನ ಹರಿವು ಕಡಿಮಿ ಆಗತದ, ಆಮ್ಯಾಲ ನಿಲ್ಲತದ, ಇನ್ನೂ ಬಿಗಡಾಯಿಸಿದ್ರ ಹೊಳ್ಳಿ ಹಿಂದಕ್ಕ ಬರತದ. ಡಾಕ್ಟರು ನೋಡೂದು ಹೆಚ್ಚಾಗಿ ಈ ತಗ್ಗನ್ನ.

ನಮ್ಮ ತವರಮನಿ ಓಣಿಯಾಗ ಒಬ್ಬಾಕಿಗೆ ಎರಡು ಸಲ ಎಂಟನೇ ತಿಂಗಳದಾಗ ಕೂಸು ಹೊಟ್ಟ್ಯಾಗ ಹೋದ್ವು. 'ಕೂಸು ಒಣಗೇದ' ಅಂದ್ರು. ಪಪ್ಪಾಯಿ ತಿಂದಾಳ, ಗ್ರಹಣದಾಗ ಹೊರಗ ಬಂದಾಳ, ವಾರ ಹಿಡದು ಉಪಾಸ ಮಾಡ್ಯಾಳ ಅಂತ ಒಬ್ಬೊಬ್ಬರದು ಒಂದೊಂದು ಮಾತು. ಆಕಿ ಕಾಲು, ಮಾರಿ ಬಾತಿದ್ದು ನನಗ ಇನ್ನೂ ಕಣ್ಣ ಮುಂದ ಅದ. ಬಿಪಿ ಯಾರೂ ನೋಡಿರಲಿಲ್ಲ.

ನನ್ನ ತಂಗಿ ಮಗಳಿಗೆ 31ನೇ ವಾರಕ್ಕ ನಡುವಿನ ಹರಿವು ಕಡಿಮಿ ಅಂತ ಬಂತು. ಮನ್ಯಾಗ ಹಿರೇರು 'ಸರಿಯಾಗಿ ಉಣ್ಣೂದಿಲ್ಲ ಇಕಿ' ಅಂತ ಶುರು ಮಾಡಿದ್ರು. ಡಾಕ್ಟರ್ ಬಾಯಿ ಅತ್ತಿ ಎದುರಿಗೇ ಹೇಳಿದ್ರು: "ಉಂಡದ್ದು ಕೂಸಿಗೆ ಮುಟ್ಟೋ ದಾರಿ ಸಣ್ಣದಾಗೇದ್ರಿ. ಇಕಿ ಊಟದ್ದೇನೂ ತಪ್ಪಿಲ್ಲ." ವಾರಕ್ಕ ಎರಡು ಸಲ ನೋಡಿ, 36ನೇ ವಾರಕ್ಕ ಕೂಸು ತಗದ್ರು. 1 ಕೆಜಿ 900 ಗ್ರಾಂ ಇತ್ತು. ಆ ದಿನದಿಂದ ಆ ಮನ್ಯಾಗ ಊಟದ ಮಾತು ಬಂದಿಲ್ಲ.

ಹಂಗಂತ ಎಲ್ಲಾ ಬಸರಿಯರಿಗೂ ಮಾಡಸ್ರಿ ಅಂತ ನಾ ಅನ್ನೂದಿಲ್ಲ. ಅಪಾಯ ಇದ್ದ 10,000ಕ್ಕೂ ಹೆಚ್ಚು ಬಸರಿಯರ ಅಧ್ಯಯನಗಳನ್ನ ಕೂಡಿಸಿ ನೋಡಿದಾಗ, ಡಾಪ್ಲರ್ ಮಾಡಿದ ಕಡೆ ಕೂಸುಗಳ ಸಾವು ಸುಮಾರು ಶೇಕಡಾ 29ರಷ್ಟು ಕಡಿಮಿ ಕಂಡದ. ಅಪಾಯ ಇಲ್ಲದೋರಿಗೆ ಅಂಥಾ ಲಾಭ ಕಂಡಿಲ್ಲ. ಬಿಪಿ ಇದ್ದೋರು, ಕೂಸು ಬೆಳೀಲಾರದೋರು, ಮೊದಲು ಕೂಸು ಕಳಕೊಂಡೋರು, ಇವರು ಡಾಕ್ಟರನ್ನ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಉಪಯೋಗ 2000ದಾಗ ಗಟ್ಟಿ ಆತು. ತಾಯಿ ರಕ್ತ ನೆಗೆಟಿವ್, ಕೂಸಿಂದು ಪಾಸಿಟಿವ್ ಇದ್ರ ಕೆಲವೊಮ್ಮೆ ಕೂಸಿನ ರಕ್ತಕಣ ಒಡದು ರಕ್ತ ತೆಳು ಆಗತದ. ಮೊದಲು ಹೊಟ್ಟಿಗೆ ಸೂಜಿ ಹಾಕಿ ನೀರು ತಗದು ನೋಡತಿದ್ರು, ಮ್ಯಾಲಿಂದ ಮ್ಯಾಲ. ತೆಳು ರಕ್ತ ಜೋರು ಓಡತದ. ಅದಕ್ಕ ಮಾರಿ ಅನ್ನೋ ಡಾಕ್ಟರು ಮತ್ತವರ ಸಂಗಡಿಗರು ಕೂಸಿನ ಮೆದುಳಿನ ಒಂದು ನಾಳದಾಗ ವೇಗ ಅಳದ್ರ ಗೊತ್ತಾಗತದ ಅಂತ ತೋರಿಸಿದ್ರು. ಆ ಸೂಜಿ ಈಗ ಭಾಳ ಮಂದಿ ತಾಯಂದಿರಿಗೆ ತಪ್ಪೇದ.