ಮದ್ದಗಿರಿಯ ಸೆರೆಯಲ್ಲಿದ್ದ ರಾಣಿ

ನನ್ನ ತವರು ಐ.ಡಿ.ಹಳ್ಳಿ. ಇಟಕದಿಬ್ಬನಹಳ್ಳಿ ಎಂದು ಪೂರ್ತಿ ಹೇಳುವವರು ಈಗ ಕಡಿಮೆ. ಚಿಕ್ಕವಳಿದ್ದಾಗ ದೊಡ್ಡಮ್ಮ ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾ ನೆರೆಯ ಮಿಡಿಗೇಶಿಯ ಕಥೆ ಹೇಳುತ್ತಿದ್ದರು. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಹೆಣ್ಣೊಬ್ಬಳು ಗಂಡನ ಚಿತೆಯೇರಿದಳಂತೆ, ಅದಕ್ಕೇ ಊರಿಗೆ ಆ ಹೆಸರಂತೆ. ಮಧುಗಿರಿಯ ಬೆಟ್ಟವನ್ನು ಎಷ್ಟೋ ಸಲ ನೋಡಿದ್ದೆ. ಅಲ್ಲೊಬ್ಬ ರಾಣಿ ನಾಲ್ಕು ವರ್ಷ ಸೆರೆಯಲ್ಲಿದ್ದಳೆಂದು ಮಾತ್ರ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಊರು ಬಿಟ್ಟ ಮೇಲೆ, ಗ್ರಂಥಾಲಯದಿಂದ ತಂದ ಇತಿಹಾಸದ ಪುಸ್ತಕವೊಂದರಲ್ಲಿ ಅವಳು ಸಿಕ್ಕಳು.

ಅವಳು ಬಿದನೂರಿನ ವೀರಮ್ಮಾಜಿ, ಕೆಳದಿ ಮನೆತನದ ಕೊನೆಯ ರಾಣಿ. ಗಂಡ ಬಸಪ್ಪನಾಯಕ 1755ರಲ್ಲಿ ತೀರಿಕೊಂಡ. ದತ್ತುಮಗ ಚೆನ್ನಬಸಪ್ಪನಿಗೆ ಪಟ್ಟವಾಯಿತು. ಆಡಳಿತ ರಾಣಿಯ ಕೈಯಲ್ಲಿ. ಎರಡೇ ವರ್ಷಕ್ಕೆ ಹುಡುಗನೂ ಸತ್ತ. ಅಲ್ಲಿಂದ ಗುಸುಗುಸು ಶುರು. ರಾಣಿಗೆ ನಿಂಬಯ್ಯನೆಂಬವನ ಸಹವಾಸವಿತ್ತಂತೆ, ಮಗ ಅದನ್ನು ಪ್ರಶ್ನಿಸಿದನಂತೆ, ಸ್ನಾನದ ಮನೆಯಲ್ಲಿ ಜೆಟ್ಟಿಯೊಬ್ಬನಿಂದ ಅವನ ಕತ್ತು ಮುರಿಸಿದರಂತೆ. ರಾಣಿ ಸೋಮಶೇಖರನೆಂಬ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು.

ಇಷ್ಟು ವರ್ಷ ಸಂಸಾರ ಮಾಡಿದವಳಾಗಿ ನಾನು ಈ "ಅಂತೆ"ಗಳನ್ನು ಸುಲಭವಾಗಿ ನಂಬಲಾರೆ. ಗಂಡ ಸತ್ತ ಹೆಣ್ಣು ಮನೆಯ ಬೀಗದಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕು, ಕೇರಿಯ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಇವಳ ಕೈಯಲ್ಲಿದ್ದದ್ದು ರಾಜ್ಯದ ಬೀಗದಕೈ. ಹಾಗೆಂದು ಅವಳು ನಿರಪರಾಧಿಯೆಂದು ವಾದಿಸುವ ಹಟವೂ ನನಗಿಲ್ಲ. ಇದೇ ಮನೆತನದ ಹಿಂದಿನ ಸೋಮಶೇಖರನಾಯಕನಿಗೆ ಕಲಾವತಿಯೆಂಬ ನರ್ತಕಿಯ ಮೋಹ ಹತ್ತಿ ರಾಜ್ಯವೇ ಅಲುಗಾಡಿತ್ತು. ಆಗ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಕಲಾವತಿಗೇ! ರಾಜ್ಯವನ್ನು ಎತ್ತಿ ನಿಲ್ಲಿಸಿದವಳು ಅವನ ಹೆಂಡತಿ ಚೆನ್ನಮ್ಮಾಜಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು.

1763ರ ಹೊತ್ತಿಗೆ ಹೈದರಾಲಿ ಚಿತ್ರದುರ್ಗದ ಕಡೆ ಇದ್ದ. ಅಲ್ಲಿ ಒಬ್ಬ ಯುವಕ ಅವನ ಮುಂದೆ ಬಂದು ನಿಂತ. "ನಾನೇ ಚೆನ್ನಬಸಪ್ಪ. ಜೆಟ್ಟಿ ಕೊಲ್ಲದೆ ಬಿಟ್ಟು, ತನ್ನ ಮನೆಯಲ್ಲಿ ಐದು ವರ್ಷ ಬಚ್ಚಿಟ್ಟಿದ್ದ" ಎಂಬುದು ಅವನ ಮಾತು. ದಂಡೆತ್ತಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಹಣ ಕೊಡುತ್ತೇನೆ, ಹಿಂದಿರುಗಿ ಎಂದು ರಾಣಿ ಹೇಳಿಕಳಿಸಿದರೂ ಹೈದರ್ ನಿಲ್ಲಲಿಲ್ಲ. ಕಾಡು ಬೆಟ್ಟಗಳ ನಡುವಿನ ಬಿದನೂರಿಗೆ ನುಗ್ಗುವುದು ಸುಲಭವಿರಲಿಲ್ಲ. ಗುಟ್ಟಿನ ದಾರಿ ತೋರಿಸಿದವನು ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ. ಊರು ಬಿದ್ದದ್ದು ಈ ದಾರಿಯ ಗುಟ್ಟಿನಿಂದ. ಜನ ಮೆಲುಕು ಹಾಕಿದ್ದು ಅಂತಃಪುರದ ಗುಟ್ಟನ್ನು.

ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಹಿಂದೆ ಅರಮನೆ ಉರಿಯುತ್ತಿತ್ತು. ಅಲ್ಲೂ ಉಳಿಯಲಾಗದೆ ಸಿಕ್ಕಿಬಿದ್ದಳು.

ಈಗ ನೋಡಿ, ಆ ಯುವಕ ನಿಜವಾದ ರಾಜನೆಂದು ಹೈದರ್ ನಂಬಿದ್ದರೆ ಅವನಿಗೆ ಪಟ್ಟ ಕಟ್ಟಬೇಕಿತ್ತಲ್ಲ? ಬಿದನೂರಿಗೆ ಹೈದರನಗರವೆಂದು ತನ್ನದೇ ಹೆಸರಿಟ್ಟ. ರಾಣಿ, ದತ್ತುಮಗ, ನಿಂಬಯ್ಯ, ಅವರ ಜೊತೆಗೆ ಸತ್ತು ಬದುಕಿ ಬಂದೆನೆಂದ ಆ ಯುವಕ, ಎಲ್ಲರನ್ನೂ ಒಂದೇ ಕಡೆಗೆ ಕಳಿಸಿದ: ನಮ್ಮ ಮದ್ದಗಿರಿಯ ಕೋಟೆಗೆ. ಈ ಪ್ರಣಯದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಅವನ ಮೊದಲ ಸಂಪುಟ ಬಂದದ್ದು 1810ರಲ್ಲಿ. ಅಷ್ಟರಲ್ಲಿ ರಾಣಿಯ ಪರವಾಗಿ ಮಾತಾಡುವವರು ಯಾರು ಉಳಿದಿದ್ದರು?

ಕಳೆದ ಸಲ ತವರಿಗೆ ಹೋದಾಗ ಬೆಟ್ಟ ಹತ್ತಿದೆ. ಅರ್ಧ ದಾರಿಗೇ ಏದುಸಿರು ಬಂತು. ಮಲೆನಾಡಿನ ಮಳೆಯಲ್ಲಿ ಬಾಳಿದವಳು ಈ ಕಾದ ಬಂಡೆಯ ಮೇಲೆ ನಾಲ್ಕು ಬೇಸಿಗೆ ಕಳೆದಳು. ತನ್ನಿಂದ ಸತ್ತನೆನ್ನಲಾದ ಮಗ ತಾನೇ ಎಂದು ಹೇಳಿಕೊಂಡವನು ಅದೇ ಕೋಟೆಯಲ್ಲಿ. ಅವನ ಮುಖವನ್ನು ಅವಳು ನೋಡಿದಳೇ? ಹೌದೋ ಅಲ್ಲವೋ ಎಂದು ಗುರುತಿಸಬಲ್ಲವಳು ಅವಳೊಬ್ಬಳೇ ಅಲ್ಲವೇ?

1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮದ್ದಗಿರಿಯನ್ನು ಗೆದ್ದು ಸೆರೆಯವರನ್ನು ಬಿಡಿಸಿತು. ಪುಣೆಗೆ ಕರೆದೊಯ್ಯುವಾಗ ವೀರಮ್ಮಾಜಿ ದಾರಿಯಲ್ಲೇ ತೀರಿಕೊಂಡಳು.

ಇಳಿದು ಬಂದು ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಕಡಲೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದರು.

"ನಿಂಬಯ್ಯನ್ನ ಕಂಡೋರು ಯಾರಂತೆ?" ಎಂದರು.

ಪುಸ್ತಕದಲ್ಲಿಲ್ಲ ಎಂದೆ.

"ಮತ್ತೆ ಬರೆದೋನಿಗೆ ಹೆಂಗೆ ಗೊತ್ತಾಯ್ತೆ?" ಎನ್ನುತ್ತಾ ಮೊರ ಕೇರಿದರು.